ಹಳೆ ಅರಿವೆಯಿಂದ ಕೌದಿ ಹೊಲಿಯುವ ಬಗೆ: ಒಗೆಯುವ ಕಲ್ಲಿನಿಂದ ಶುರು ಮಾಡೋಣ

ನಾನು ಒಬ್ಬಳೇ ಕೂತು ಹೊಲಿದ ಮೊದಲ ಕೌದಿಗೆ 7 ಪದರ ಹಾಕಿದ್ದೆ. ಧಾರವಾಡದ ಚಳಿಗೆ ದಪ್ಪ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ನಡುವೆ ಒಂದು ಹಳೆಯ ಉಣ್ಣೆಯ ರಗ್ಗನ್ನೂ ಸೇರಿಸಿದ್ದೆ. ಎರಡು ತಿಂಗಳು ಹಿಡಿಯಿತು. ಆಷಾಢದಲ್ಲಿ ಮನೆಯ ಕೂಸು ಅದರ ಮೇಲೆ ಉಚ್ಚೆ ಹೊಯ್ದುಕೊಂಡಿತು, ಒಗೆಯಲು ಹಾಕಿದೆ. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕಾದರು. ಹೊರಗೆ ಜಿಟಿಜಿಟಿ ಮಳೆ, ಬಿಸಿಲಿನ ಸುಳಿವಿಲ್ಲ. ಐದನೆಯ ದಿನಕ್ಕೆ ಒಳಗಿನಿಂದ ಮುಗ್ಗುಲು ವಾಸನೆ ಬಂತು. ಬಿಚ್ಚಿ ನೋಡಿದರೆ ನಡುವಿನ ಪದರಗಳಿಗೆಲ್ಲ ಬೂಷ್ಟು. ಹಾವೇರಿ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಆಯಿ ಅದನ್ನು ಕೈಯಲ್ಲಿ ಹಿಡಿದು ನೋಡಿ ಒಂದೇ ಮಾತು ಕೇಳಿದಳು: "ಹೊಲಿಯೂಕಿಂತ ಮೊದಲ ಇದನ್ನ ಒಗಿಯೂದು ಹೆಂಗ ಅಂತ ವಿಚಾರ ಮಾಡಿದ್ದೇನವಾ?"

ಅಲ್ಲಿಂದೀಚೆಗೆ ನಾನು ಹೊಲಿದ ಎಲ್ಲ ಕೌದಿಗಳೂ ಆ ಪ್ರಶ್ನೆಯಿಂದಲೇ ಶುರುವಾಗಿವೆ. ಯಾವ ಅರಿವೆ ಹಾಕಬೇಕು, ಎಷ್ಟು ಪದರ, ಹೊಲಿಗೆ ಎಷ್ಟು ಹತ್ತಿರ, ಅಂಚು ಹೇಗೆ ಮಡಚಬೇಕು, ಇವೆಲ್ಲಕ್ಕೂ ಉತ್ತರ ಸಿಗುವುದು ಒಗೆಯುವ ಕಲ್ಲಿನ ಹತ್ತಿರ. ಒಬ್ಬರೇ ಎತ್ತಿ ಹಗ್ಗದ ಮೇಲೆ ಹಾಕುವಷ್ಟು ಹಗುರ ಇರಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಒಗೆದದ್ದು ಸಂಜೆಗೆ ಒಣಗಿ ಮಡಿಕೆಯಾಗಬೇಕು. ಈ ಎರಡು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಗಾದಿಯೇ ಬೇರೆ, ಕೌದಿಯೇ ಬೇರೆ. ನಮ್ಮದು ಕರಿ ಎರೆಮಣ್ಣಿನ ಹತ್ತಿ ಸೀಮೆ. ಇಲ್ಲಿ ಪಿಂಜಾರರು, ನದಾಫರು ಅರಳೆ ಹಿಂಜಿ ಗಾದಿ ತುಂಬಿಕೊಡುತ್ತ ಬಂದವರು. ನೀರು ಬಿದ್ದರೆ ಅರಳೆ ಗಂಟುಗಟ್ಟುತ್ತದೆ, ಅದಕ್ಕೇ ಗಾದಿಯನ್ನು ಬಿಸಿಲಿಗೆ ಹಾಕುತ್ತಾರೆಯೇ ಹೊರತು ಒಗೆಯುವುದಿಲ್ಲ. ಕೌದಿಯೊಳಗೆ ಅರಳೆ ಇಲ್ಲ, ಇರುವುದು ಅರಿವೆಯ ಮೇಲೆ ಅರಿವೆ. ಅವನ್ನು ಹಿಡಿದಿಡುವುದು ಗೆರೆಗೆರೆಯಾಗಿ ಓಡುವ ಸಾದಾ ಹೊಲಿಗೆ. ಮರಾಠಿ ಸೀಮೆಯಲ್ಲಿ ಇದನ್ನೇ ಗೋಧಡಿ ಎನ್ನುತ್ತಾರೆ. ನಮ್ಮ ಕಡೆ ಗೊಂಧಳಿ ಹೆಣ್ಣುಮಕ್ಕಳು ಊರೂರಿಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುತ್ತಿದ್ದರು. ಮನೆಯವರು ಕೊಟ್ಟ ಗಂಟು ಬಿಚ್ಚಿ, ಕಟ್ಟೆಯ ಮೇಲೆ ಹರಡಿ, ಅಳತೆ ಟೇಪಿಲ್ಲದೆ ಮೊಳ ಹಾಕಿಯೇ ಲೆಕ್ಕ ಹೇಳುತ್ತಿದ್ದರು. ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳ ಕೌದಿ ಬಣ್ಣಕ್ಕೆ ಹೆಸರಾದದ್ದು. ಅದರ ಮೂಲೆಗಳಲ್ಲಿ ಮಡಚಿ ಕೂಡಿಸುವ ಚೂರುಗಳಿಗೆ ಅವರು ಫೂಲ, ಅಂದರೆ ಹೂವು, ಎನ್ನುತ್ತಾರೆ.

ಕೆಲಸಕ್ಕೆ ಸುಗ್ಗಿ ಮುಗಿದ ಮೇಲಿನ ಬೇಸಿಗೆಯೇ ಸರಿ. ಮಾರ್ಚಿನಲ್ಲಿ ಅರಿವೆ ಒಗೆದು ಒಣಗಿಸಿ ಇಟ್ಟುಕೊಂಡರೆ ಮೇ ಹೊತ್ತಿಗೆ ಕೌದಿ ಸಿದ್ಧ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಜೂನ್ ಬಂತೆಂದರೆ ನೆಲವೇ ತಣ್ಣಗಾಗಿ ಹರಡಿದ ಅರಿವೆ ತೇವ ಹಿಡಿಯುತ್ತದೆ. ಗದಗ, ರೋಣದ ಕಡೆಯವರಿಗೆ ಇನ್ನೂ ಸ್ವಲ್ಪ ಸಮಯ ಸಿಗುತ್ತದೆ.

ಅರಿವೆ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಕೌದಿ ಕೆಡುವುದು ಬಹುತೇಕ ಇಲ್ಲೇ.

ಬೇಕಾದದ್ದು ಹತ್ತಿ, ಅದೂ ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ. ಹೊಸ ಅರಿವೆಯಲ್ಲಿ ಗಂಜಿ ಇರುತ್ತದೆ, ಸೂಜಿ ಇಳಿಯುವುದಿಲ್ಲ, ಒಗೆದಾಗ ಕುಗ್ಗಿ ಪಕ್ಕದ ಹಳೆ ಅರಿವೆಯನ್ನು ಎಳೆಯುತ್ತದೆ. ಹಳೆ ಅರಿವೆ ಕುಗ್ಗುವಷ್ಟು ಆಗಲೇ ಕುಗ್ಗಿರುತ್ತದೆ. ಹತ್ತಿಯ ಸೀರೆ, ದೋತರ, ಪಂಜೆ, ಗಂಡಸರ ಹತ್ತಿ ಅಂಗಿ, ಹೆಣ್ಣುಮಕ್ಕಳ ಲಂಗ, ಪೆಟಿಕೋಟ್, ಹಳೆಯ ಹಾಸಿಗೆ ಚಾದರ, ಇವೆಲ್ಲ ಕೌದಿಗೆ ಹೇಳಿ ಮಾಡಿಸಿದಂಥವು. ಹಳೆಯ ಖಾದಿ ಸಿಕ್ಕರೆ ಬಿಡಬೇಡಿ. ಗರಗದಲ್ಲಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜದ ಖಾದಿ ತಯಾರಾಗುವ ಜಿಲ್ಲೆ ನಮ್ಮದು, ಹಿರಿಯರ ಟ್ರಂಕಿನಲ್ಲಿ ಒಂದೆರಡು ಖಾದಿ ಜುಬ್ಬಾ ಇದ್ದೇ ಇರುತ್ತವೆ. ಖಾದಿ ತುಸು ದಪ್ಪ, ಹಾಗಾಗಿ ಅದನ್ನು ಒಳಪದರಕ್ಕೆ ಹಾಕದೆ ಮೇಲಿನ ತುಂಡುಗಳಿಗೆ ಬಳಸಿ.

ಮನೆಯಲ್ಲಿ ಸಾಲದಿದ್ದರೆ ಅಕ್ಕಪಕ್ಕದವರನ್ನು, ಬೀಗರನ್ನು ಕೇಳಿ. ಹಳೆ ಬಟ್ಟೆಗೆ ಸ್ಟೀಲ್ ಭಾಂಡಿ ಕೊಡುವ ಹೆಣ್ಣುಮಕ್ಕಳು ಓಣಿಗೆ ಬಂದಾಗ ಅವರ ಗಂಟಿನಿಂದ ಹತ್ತಿಯ ಸೀರೆ ಆರಿಸಿ ಕೊಂಡುಕೊಳ್ಳಬಹುದು. ನಾನು ಹಾಗೆ ತಂದ ಸೀರೆಗಳೇ ಎಷ್ಟೋ ಇವೆ. ಸಂತೆಯಲ್ಲಿ ಹಳೆ ಬಟ್ಟೆ ಗುಡ್ಡೆ ಹಾಕಿ ಮಾರುವವರ ಹತ್ತಿರವೂ ಸಿಗುತ್ತದೆ. ಕೊಳ್ಳುವಾಗ ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಬೆಳಕಿನ ಪರೀಕ್ಷೆ. ಸೀರೆಯನ್ನು ಬಿಸಿಲಿಗೆ ಅಡ್ಡ ಹಿಡಿದರೆ ಎಲ್ಲಿ ನೂಲು ಸವೆದು ಜಾಳಾಗಿದೆ ಎಂದು ಕಾಣುತ್ತದೆ. ಕೂರುವ ಭಾಗ ಮತ್ತು ಹಿಮ್ಮಡಿಗೆ ತಾಗುವ ಕೆಳ ಅಂಚು ಮೊದಲು ಸವೆಯುತ್ತವೆ. ಜಾಳಾದದ್ದು ಒಳಪದರಕ್ಕೆ ನಡೆಯುತ್ತದೆ, ಅಂಚಿಗೆ ಎಂದಿಗೂ ಬೇಡ. ಎರಡನೆಯದು ಎಳೆಯುವ ಪರೀಕ್ಷೆ. ಎರಡೂ ಹೆಬ್ಬೆರಳು ಕೂಡಿಸಿ ಹಿಡಿದು ಜಗ್ಗಿದಾಗ ಪರ್ ಎಂದು ಬಾಯಿಬಿಟ್ಟರೆ ಅದು ಒಳಪದರಕ್ಕೂ ಬೇಡ.

ಮೂರನೆಯದು ಬೆಂಕಿ. ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಾಟು ಇಟ್ಟು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಕಾಗದದ್ದೇ ವಾಸನೆ ಕೊಟ್ಟು, ಮುಟ್ಟಿದರೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್, ನೈಲಾನ್ ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತವೆ. ಟೆರಿಕಾಟ್ ಹತ್ತಿ, ಪಾಲಿಯೆಸ್ಟರ್ ಎರಡರ ಬೆರಕೆ, ಉರಿಯುತ್ತದೆ, ಜೊತೆಗೆ ಗಟ್ಟಿ ಚೂರೂ ಉಳಿಯುತ್ತದೆ. ಬೆರಕೆ ಅರಿವೆ ಬೇಗ ಒಣಗುತ್ತದಲ್ಲ, ಹಾಕಿದರೇನು ಎಂದು ಕೇಳುವವರಿದ್ದಾರೆ. ಅದು ಬೆವರು ಹೀರುವುದಿಲ್ಲ. ಏಪ್ರಿಲ್ ರಾತ್ರಿ ಹುಬ್ಬಳ್ಳಿಯ ತಗಡಿನ ಮನೆಯಲ್ಲಿ ಅದರ ಮೇಲೆ ಮಲಗಿದವರಿಗೆ ಗೊತ್ತು. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಜಾರ್ಜೆಟ್ಟಂತೂ ಸೂಜಿಯ ಕೆಳಗೆ ನಿಲ್ಲುವುದೇ ಇಲ್ಲ. ಜೀನ್ಸ್ ದಪ್ಪ, ಒಣಗುವುದು ತಡ. ಟೀ ಶರ್ಟಿನ ಹೊಸೈರಿ ಎಳೆದಂತೆ ಹಿಗ್ಗಿ ಸುರುಳಿ ಸುತ್ತುತ್ತದೆ. ಇವನ್ನೆಲ್ಲ ನೆಲ ಒರೆಸಲು ಇಡಿ.

ಇಳಕಲ್ ಸೀರೆಯ ಬಗ್ಗೆ ಬೇರೆಯೇ ಹೇಳಬೇಕು. ಒಡಲು ಹತ್ತಿ ಇರುವ ಇಳಕಲ್ ಸೀರೆ ಹಳತಾದಷ್ಟೂ ಬೆಣ್ಣೆಯಂತಾಗುತ್ತದೆ, ಕೌದಿಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಆದರೆ ದಡಿ ಮತ್ತು ಸೆರಗು ಸಾಮಾನ್ಯವಾಗಿ ಕೃತಕ ರೇಷ್ಮೆಯವು. ಈ ನೂಲು ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಚಂದ ಕಾಣುತ್ತದೆಂದು ದಡಿಯನ್ನು ಕೌದಿಯ ಹೊರ ಅಂಚಿಗೆ ಹಾಕಿದರೆ ಕಲ್ಲಿಗೆ ಬಡಿದಾಗ ಮೊದಲು ಹರಿಯುವುದು ಅದೇ. ದಡಿ ಬಿಡಿಸಿ ಮೇಲ್ಪದರದ ನಡುವೆ ಪಟ್ಟಿಯಾಗಿ ಕೂಡಿಸಿ, ಅಲ್ಲಿ ಅದು ಬಹುಕಾಲ ಉಳಿಯುತ್ತದೆ. ಹಾಗೆಯೇ ಗುಳೇದಗುಡ್ಡದ ಖಣದ ಹಳೆ ಕುಪ್ಪಸಗಳು ಸಣ್ಣ ತುಂಡುಗಳಿಗೆ ಬಲು ಚಂದ.

ಕಸೂತಿ ಹಾಕಿದ ಸೀರೆಯನ್ನು ಮಾತ್ರ ದಯವಿಟ್ಟು ಹರಿಯಬೇಡಿ. ಗವಂತಿ, ಮುರಗಿ, ನೇಯ್ಗೆ, ಮೆಂತಿ ಹೊಲಿಗೆಗಳಲ್ಲಿ ಎಳೆ ಎಣಿಸಿ ಹಾಕಿದ ಗೋಪುರ, ತೇರು, ತೊಟ್ಟಿಲುಗಳಿಗೆ ಒಬ್ಬರ ಕಣ್ಣಿನ ಬೆಳಕು ಹೋಗಿದೆ. ಸೀರೆ ಪೂರ್ತಿ ಜೀರ್ಣವಾಗಿದ್ದರೆ ಕಸೂತಿ ಇರುವಷ್ಟು ಭಾಗವನ್ನು ಕತ್ತರಿಸಿ ಬೇರೆ ಇಟ್ಟುಕೊಳ್ಳಿ, ಕೌದಿಗೆ ಬೇಡ.

ಒಗೆದು, ಬಿಚ್ಚಿ, ಹರಿಯುವುದು

ಹೊರಗಿನಿಂದ ತಂದ ಅರಿವೆಯನ್ನು ನೇರವಾಗಿ ಮನೆಯೊಳಗೆ ಒಯ್ಯಬೇಡಿ. ತಿಗಣೆ, ಹೇನು ಸೀರು ಬಂದಿರಬಹುದು. ಅಂಗಳದಲ್ಲೇ ದೊಡ್ಡ ಬೋಗುಣಿಯಲ್ಲಿ ಹಾಕಿ, ಕುದಿಯುವ ನೀರು ಹೊಯ್ದು, ನೀರು ಆರುವವರೆಗೆ ಬಿಡಿ. ಆಮೇಲೆ ಸಾಬೂನು ಹಚ್ಚಿ ಒಗೆದು, ಎರಡು ದಿನ ಬಿಸಿಲಿಗೆ ಹಾಕಿ. ಗಂಜಿ ಪೂರಾ ಹೋಗಲೇಬೇಕು, ಗಂಜಿಯ ವಾಸನೆಗೆ ಜಿರಳೆ ಬಂದು ಅರಿವೆ ತಿನ್ನುತ್ತದೆ. ಬಣ್ಣ ಬಿಡುತ್ತದೆಯೇ ನೋಡಲು ಒದ್ದೆ ಬಿಳಿ ಅರಿವೆಯಿಂದ ಗಟ್ಟಿಯಾಗಿ ತಿಕ್ಕಿ. ಬಿಳಿ ಬಣ್ಣಗೆಟ್ಟರೆ ಆ ಸೀರೆ ಒಳಪದರಕ್ಕೂ ಬೇಡ. ಮೊದಲ ಒಗೆತದಲ್ಲೇ ಅದು ಮೇಲಕ್ಕೆ ಹಬ್ಬಿ ಮೇಲ್ಪದರವನ್ನು ಕೆಡಿಸುತ್ತದೆ.

ಒಣಗಿದ ಮೇಲೆ ಬಿಚ್ಚುವ ಕೆಲಸ. ಅಂಗಿಯ ಕಾಲರು, ಪಟ್ಟಿ, ಜೇಬು, ಲಂಗದ ನಾಡಿ, ಹುಕ್ಕು, ಜಿಪ್ಪು ಎಲ್ಲ ತೆಗೆಯಿರಿ. ಗುಂಡಿಗಳನ್ನು ಡಬ್ಬಿಯಲ್ಲಿಡಿ. ದಪ್ಪ ಹೊಲಿಗೆಯ ಸಾಲನ್ನು ಬಿಚ್ಚುತ್ತ ಕೂರದೆ ಅದರ ಪಕ್ಕದಲ್ಲೇ ಕತ್ತರಿಸಿ ಬಿಸಾಕಿ, ಅದು ಕೌದಿಯಲ್ಲಿ ಉಳಿದರೆ ಬೆನ್ನಿಗೆ ಚುಚ್ಚುತ್ತದೆ.

ಕತ್ತರಿಗಿಂತ ಕೈಯಲ್ಲಿ ಹರಿಯುವುದೇ ಒಳ್ಳೆಯದು. ಅಂಚಿನಲ್ಲಿ ಒಂದು ಕಚ್ಚು ಹಾಕಿ ಎರಡೂ ಕಡೆ ಜಗ್ಗಿದರೆ ಹತ್ತಿ ನೂಲಿನ ಗುಂಟ ಸೀದಾ ಹರಿಯುತ್ತದೆ. ಕತ್ತರಿ ಎಷ್ಟು ನೇರ ಹಿಡಿದರೂ ನೂಲಿನ ಗೆರೆ ತಪ್ಪುತ್ತದೆ, ಅಂಥ ತುಂಡು ನಾಲ್ಕು ಸಲ ಒಗೆದ ಮೇಲೆ ಓರೆಯಾಗಿ ಜಗ್ಗಿಕೊಳ್ಳುತ್ತದೆ.

ಎಷ್ಟು ಅರಿವೆ ಬೇಕು

ಒಬ್ಬರು ಹೊದೆಯುವ ಕೌದಿಗೆ 4 ಪದರ ಸಾಕು: ಕೆಳಗಿನ ಅಸ್ತರ ಒಂದು, ನಡುವೆ ಎರಡು, ಮೇಲೆ ತುಂಡುಗಳದ್ದು ಒಂದು. ಹಾಸಲಿಕ್ಕಾದರೆ ನಡುವೆ ಇನ್ನೊಂದು ಸೇರಿಸಿ 5 ಮಾಡಬಹುದು. ಅದಕ್ಕೆ ಮೇಲೆ ನಾನು ಹೋಗುವುದಿಲ್ಲ. ಚಳಿ ಹೆಚ್ಚಾದರೆ ಎರಡು ಕೌದಿ ಹೊದ್ದುಕೊಳ್ಳಿ, ಒಗೆಯುವಾಗ ಒಂದೊಂದೇ ಒಗೆಯಬಹುದು.

ಆರು ವಾರಿ ಸೀರೆ ಎಂದರೆ 216 ಇಂಚು ಉದ್ದ, ಸುಮಾರು 45 ಇಂಚು ಅಗಲ. ಸಣ್ಣ ದಡಿಯ ಎರಡು ಹತ್ತಿ ಸೀರೆ ತೆಗೆದುಕೊಳ್ಳಿ. ಮೊದಲ ಸೀರೆಯಿಂದ 63 ಇಂಚಿನ ಎರಡು ತುಂಡು, 59 ಇಂಚಿನ ಒಂದು ತುಂಡು ಅಡ್ಡಲಾಗಿ ಹರಿಯಿರಿ. ಎರಡನೆಯದರಿಂದ 59 ಇಂಚಿನ ಮೂರು ತುಂಡು. 63ರ ಎರಡನ್ನು ಪಕ್ಕಪಕ್ಕ ಕೂಡಿಸಿದರೆ 63 ಅಗಲ, 89 ಉದ್ದದ ಅಸ್ತರವಾಯಿತು. 59ರ ನಾಲ್ಕು ತುಂಡಿನಿಂದ ಎರಡು ಒಳಪದರ. ಮೊದಲ ಸೀರೆಯಲ್ಲಿ 31 ಇಂಚು, ಎರಡನೆಯದರಲ್ಲಿ 39 ಇಂಚು ಉಳಿಯಿತು, ಅದು ಮೇಲ್ಪದರದ ತುಂಡುಗಳಿಗೆ. ಅಸ್ತರ ನಾಲ್ಕೂ ಕಡೆ 2 ಇಂಚು ದೊಡ್ಡದಾಗಿರುವುದು ಅಂಚು ಮಡಚಲಿಕ್ಕೆ. ಕೌದಿ ಸಿದ್ಧವಾದಾಗ ಸುಮಾರು 85 ಇಂಚು ಉದ್ದ, 59 ಇಂಚು ಅಗಲ ಬರುತ್ತದೆ. ಆಯಿಯ ಲೆಕ್ಕದಲ್ಲಿ ಹೇಳಬೇಕೆಂದರೆ ಐದು ಮೊಳಕ್ಕೆ ಅರ್ಧ ಗೇಣು ಕಡಿಮೆ ಉದ್ದ, ಮೂರು ಮೊಳದ ಮೇಲೆ ಅರ್ಧ ಗೇಣು ಅಗಲ.

ಅಗಲ ದಡಿಯ ಇಳಕಲ್ ಸೀರೆಯಾದರೆ ದಡಿ ತೆಗೆದ ಮೇಲೆ ಅಗಲ ಕಡಿಮೆಯಾಗುತ್ತದೆ. ಆಗ ಉಳಿದ ಭಾಗದಿಂದ ಒಂದು ಪಟ್ಟಿ ಹರಿದು ನಡುವೆ ಕೂಡಿಸಿ ಉದ್ದ ಸರಿಮಾಡಿಕೊಳ್ಳಿ.

ನಾನು ತೂಗಿ ನೋಡಿದಂತೆ ಹೀಗೆ ಹೊಲಿದ ಕೌದಿ ಒಂದೂವರೆ ಕಿಲೋ ಆಸುಪಾಸು ಬರುತ್ತದೆ. ಒದ್ದೆಯಾದರೂ ಒಬ್ಬರ ಕೈಗೆ ನಿಲುಕುವ ಭಾರ.

ಮೇಲ್ಪದರ

8.5 ಇಂಚಿನ ಚೌಕಗಳನ್ನು ಅಗಲಕ್ಕೆ 7, ಉದ್ದಕ್ಕೆ 10 ಕೂಡಿಸಿದರೆ ಅಳತೆ ಸರಿಯಾಗಿ ಕೂರುತ್ತದೆ. ಒಟ್ಟು 70 ತುಂಡು. ಹೊಲಿಗೆಗೆ ಸುತ್ತ ಅರ್ಧ ಇಂಚು ಬೇಕು, ಆದ್ದರಿಂದ ತುಂಡನ್ನು 9.5 ಇಂಚಿಗೆ ಹರಿಯಿರಿ. ಸೀರೆಗಳ ಉಳಿಕೆಯಿಂದಲೇ 28 ಸಿಗುತ್ತವೆ. ದೊಡ್ಡವರ ಒಂದು ಅಂಗಿಯಲ್ಲಿ ಬೆನ್ನು, ಎದೆ ಎಲ್ಲ ಸೇರಿ 8 ತುಂಡು ಬರುತ್ತವೆ, ಹಾಗಾಗಿ ಆರು ಅಂಗಿ ಇದ್ದರೆ ಮುಗಿಯಿತು. ತುಂಡುಗಳು ಒಂದೇ ಅಳತೆ ಇರಲೇಬೇಕೆಂದಿಲ್ಲ. ಗೊಂಧಳಿ ಹೆಣ್ಣುಮಕ್ಕಳ ಕೌದಿಯಲ್ಲಿ ನಾನು ಕಂಡದ್ದು ಉದ್ದ, ಗಿಡ್ಡ, ಮೂರು ಮೂಲೆ ಎಲ್ಲ ಬಗೆಯ ಚೂರು. ಮೊದಲ ಸಲಕ್ಕೆ ಚೌಕ ಸುಲಭ ಎಂದಷ್ಟೇ ಹೇಳುತ್ತಿದ್ದೇನೆ.

ನೆಲದ ಮೇಲೆ ಎಲ್ಲ 70 ಹರಡಿ, ದೂರ ನಿಂತು ನೋಡಿ. ಗಾಢ ಬಣ್ಣ ಒಂದೇ ಕಡೆ ಸೇರಿದ್ದರೆ ಚದುರಿಸಿ. ತೆಳು ತುಂಡಿನ ಪಕ್ಕ ಖಾದಿಯಂಥ ಭಾರದ್ದು ಬೇಡ, ಭಾರದ್ದು ತೆಳುವನ್ನು ಜಗ್ಗಿ ಹರಿಯುತ್ತದೆ. ಮೊದಲು ಅಡ್ಡ ಸಾಲುಗಳನ್ನು ಕೂಡಿಸಿ, ಆಮೇಲೆ ಸಾಲಿಗೆ ಸಾಲು. ಇದಕ್ಕೆ ಹೊಲಿಗೆ ಮಷೀನು ಬಳಸಲು ಹಿಂಜರಿಯಬೇಡಿ, ಹೊಲಿಗೆ ಬಿಗಿಯಾಗಿ ಬರುತ್ತದೆ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕೂಡಿಸಿದ ಕಡೆ ಹಿಂದೆ ಉಳಿಯುವ ಹೊಲಿಗೆಯ ಅಂಚನ್ನು ಒಂದೇ ಕಡೆಗೆ ಮಡಚಿ ಇಸ್ತ್ರಿ ಮಾಡಿ.

ಇಲ್ಲೇ ಒಂದು ಗುರುತು ಮಾಡಿಕೊಳ್ಳಿ. ತಲೆಯ ಕಡೆಯ ಒಂದು ಮೂಲೆಗೆ ಉಳಿದದ್ದಕ್ಕಿಂತ ಬೇರೆಯೇ ಬಣ್ಣದ ತುಂಡು ಹಾಕಿ. ನಮ್ಮ ಮನೆಯ ಎಲ್ಲ ಕೌದಿಗೂ ಇದು ಇದೆ. ಮಬ್ಬು ಬೆಳಕಿನಲ್ಲಿ ಹಾಸುವವರೂ ಕಾಲಿನ ಕಡೆಯನ್ನು ಮುಖಕ್ಕೆ ಎಳೆಯುವುದಿಲ್ಲ.

ಹಾಸುವುದು, ಕಚ್ಚಾ ಹೊಲಿಗೆ ಹಾಕುವುದು

ಪಡಸಾಲೆಯನ್ನೋ ತಾರಸಿಯನ್ನೋ ಚೆನ್ನಾಗಿ ಗುಡಿಸಿ ಒರೆಸಿ. ಅಸ್ತರವನ್ನು ಒಳಮೈ ಮೇಲಾಗುವಂತೆ ಹಾಸಿ ನಾಲ್ಕೂ ಮೂಲೆಗೆ ಗುಂಡುಕಲ್ಲು ಇಡಿ. ಬಿಗಿಯಾಗಿ ಜಗ್ಗಬೇಡಿ, ಸುಕ್ಕಿಲ್ಲದೆ ಮಲಗಿದರೆ ಸಾಕು. ಕೈಯಲ್ಲಿ ನೀರು ಚಿಮುಕಿಸಿ, ಮೊದಲ ಒಳಪದರ ಹಾಸಿ ಅಂಗೈಯಿಂದ ನಡುವಿನಿಂದ ಹೊರಗೆ ಸವರಿ. ಆ ತುಸು ತೇವಕ್ಕೆ ಅರಿವೆ ಅರಿವೆಗೆ ಅಂಟಿ ಕೂರುತ್ತದೆ. ಒಳಪದರದ ಎರಡು ತುಂಡುಗಳನ್ನು ಹೊಲಿದು ಕೂಡಿಸುವುದು ಬೇಕಿಲ್ಲ, ಒಂದರ ಮೇಲೊಂದು ಎರಡು ಬೆರಳು ಹೊಂದಿಸಿಟ್ಟು ಹೆಚ್ಚಾದದ್ದನ್ನು ಹೊರ ಅಂಚಿನಲ್ಲಿ ಕತ್ತರಿಸಿ. ಎರಡನೆಯ ಒಳಪದರ ಹಾಸುವಾಗ ಅದರ ಕೂಡುಗೆರೆ ಮೊದಲನೆಯದರ ಮೇಲೆಯೇ ಬರದಂತೆ ಗೇಣಷ್ಟು ಸರಿಸಿ. ಸರಿಸಿದ್ದಕ್ಕೆ ಒಂದು ಬದಿ ಕಡಿಮೆ ಬಿದ್ದರೆ ಉಳಿದ ಪಟ್ಟಿ ಇಟ್ಟು ತುಂಬಿ. ಕೊನೆಗೆ ಮೇಲ್ಪದರ.

ಈಗ ಕಚ್ಚಾ ಹೊಲಿಗೆ. ಎರಡೆರಡು ಇಂಚಿನ ದೊಡ್ಡ ಹೊಲಿಗೆ, ಬಣ್ಣದ ದಾರ. ಕೌದಿಯ ನಟ್ಟನಡುವಿನಿಂದ ಶುರು ಮಾಡಿ ಒಂದು ಅಂಚಿಗೆ, ಮತ್ತೆ ನಡುವಿನಿಂದ ಇನ್ನೊಂದು ಅಂಚಿಗೆ, ಹೀಗೆ ಸೂರ್ಯನ ಕಿರಣದಂತೆ. ಗೇಣಿಗೊಂದು ಗೆರೆ ಬರಲಿ. ನುರಿತ ಕೈಯವರು ಇದನ್ನು ಬಿಟ್ಟುಬಿಡುತ್ತಾರೆ, ಅವರ ಅಂಗೈಗೆ ಅರಿವೆಯ ಚಲನೆ ಗೊತ್ತು. ನೀವು ಬಿಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಅಂಚನ್ನೂ ಈಗಲೇ ಕಟ್ಟಬೇಕು. ಹೊರಗೆ ಉಳಿದ 2 ಇಂಚು ಅಸ್ತರವನ್ನು ಒಂದು ಇಂಚು ಒಳಕ್ಕೆ ಮಡಚಿ, ಮತ್ತೆ ಒಂದು ಇಂಚು ಮೇಲ್ಪದರದ ಮೇಲೆ ತನ್ನಿ. ಹೀಗೆ ಎರಡು ಮಡಿಕೆಯಾಗಿ ಅಂಚು ಗಟ್ಟಿಯಾಗುತ್ತದೆ. ಕೌದಿ ಹರಿಯುವುದು ಯಾವಾಗಲೂ ಅಂಚಿನಿಂದ, ಮುಖಕ್ಕೆ ಎಳೆದುಕೊಳ್ಳುವುದು ಅದನ್ನೇ, ಒಗೆಯುವಾಗ ಹಿಡಿಯುವುದೂ ಅದನ್ನೇ. ಅದಕ್ಕೇ ಅಸ್ತರಕ್ಕೆ ಗಟ್ಟಿ ಹತ್ತಿಯ ಸೀರೆಯೇ ಬೇಕು. ಮೂಲೆಯಲ್ಲಿ ಮೊದಲು ಮೂರು ಮೂಲೆಯಾಗಿ ಒಳಗೆ ಮಡಚಿ, ಆಮೇಲೆ ಎರಡೂ ಬದಿಯನ್ನು ತಂದರೆ ಗಂಟು ಬೀಳುವುದಿಲ್ಲ. ಅಂಚಿಗೂ ಕಚ್ಚಾ ಹೊಲಿಗೆ ಹಾಕಿ.

ಸುತ್ತು ಹೊಲಿಗೆ

ಸೂಜಿ ಉದ್ದ ಇರಲಿ, ಕಣ್ಣು ದೊಡ್ಡದಿರಲಿ, ಮೈ ದಪ್ಪ ಬೇಡ. ಚೀಲ ಹೊಲಿಯುವ ದಬ್ಬಣ ಹಳೆ ಅರಿವೆಯಲ್ಲಿ ತೂತು ಬೀಳಿಸುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ, ಧಾರವಾಡದ ಸುಭಾಸ ರಸ್ತೆಯ ಅಂಗಡಿಗಳಲ್ಲಿ ಕೌದಿ ಸೂಜಿ ಎಂದು ಕೇಳಿ. ನಡುಬೆರಳಿಗೆ ಹಾಕುವ ಲೋಹದ ಟೊಪ್ಪಿಗೆಯನ್ನೂ ಕೊಳ್ಳಿ, ಇಲ್ಲವಾದರೆ ಎರಡನೆಯ ದಿನಕ್ಕೆ ಬೆರಳು ತೂತಾಗಿರುತ್ತದೆ.

ದಾರ ದಪ್ಪ ಹತ್ತಿಯದೇ ಆಗಬೇಕು. ನೈಲಾನ್ ದಾರ ಹರಿಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ, ನಿಜವೇ. ಅದು ಹರಿಯದೆ ಮೆತ್ತಗಿನ ಅರಿವೆಯನ್ನೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಅರಿವೆ ಕೊಯ್ದರೆ ಏನು ಮಾಡುವುದು? ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳು, ಎಂದರೆ ಮುಕ್ಕಾಲು ಇಂಚು, ಅಂತರ ಇಟ್ಟರೆ ಈ ಅಳತೆಯ ಕೌದಿಯಲ್ಲಿ ಸಾಲುಗಳ ಒಟ್ಟು ಉದ್ದ ಸುಮಾರು 170 ಮೀಟರ್. ಏರಿಳಿತ, ಗಂಟು ಸೇರಿ 200 ಮೀಟರ್ ದಾರ ಬೇಕು, ಎರಡೆಳೆ ಮಾಡಿ ಹೊಲಿದರೆ 400. ಒಮ್ಮೆಗೇ ಕೊಳ್ಳಿ, ಅರ್ಧಕ್ಕೆ ಮುಗಿದರೆ ಅದೇ ಬಣ್ಣ ಸಿಗುವುದು ಕಷ್ಟ. ಪ್ರತಿ ಸಲ ಅರ್ಧ ಮಾರಿಗಿಂತ ಉದ್ದ ಪೋಣಿಸಬೇಡಿ, ಸಿಕ್ಕಾಗುತ್ತದೆ. ದಾರಕ್ಕೆ ಮೇಣ ಸವರಿದರೆ ಜಾರಿಕೊಂಡು ಹೋಗುತ್ತದೆ.

ಅಂಚಿನ ಮಡಿಕೆಯ ಒಳ ಗೆರೆಯ ಮೇಲೆ, ಒಂದು ಮೂಲೆಯಿಂದ ಶುರು ಮಾಡಿ. ಗಂಟನ್ನು ಮಡಿಕೆಯೊಳಗೆ ಅಡಗಿಸಿ. ಸೂಜಿಯನ್ನು ನಾಲ್ಕೂ ಪದರ ದಾಟಿಸಿ ಕೆಳಗಿಳಿಸಿ ಮೇಲೆ ತರಬೇಕು. ಎಡಗೈ ಕೌದಿಯ ಕೆಳಗಿರಲಿ, ಸೂಜಿಯ ಮೊನೆ ಪ್ರತಿ ಸಲ ಆ ಬೆರಳಿಗೆ ತಾಗಬೇಕು. ತಾಗದಿದ್ದರೆ ಅಸ್ತರ ಹೊಲಿಗೆಗೆ ಸಿಕ್ಕಿಲ್ಲ ಎಂದೇ ಅರ್ಥ. ಸೂಜಿಯಲ್ಲಿ ನಾಲ್ಕೈದು ಹೊಲಿಗೆ ಏರಿಸಿಕೊಂಡು ಒಮ್ಮೆಗೆ ಎಳೆಯಿರಿ. ಇಂಚಿಗೆ 3 ಹೊಲಿಗೆ ಬಂದರೆ ಸಾಕು. ಸಣ್ಣ ಹೊಲಿಗೆಗಿಂತ ಸಮನಾದ ಹೊಲಿಗೆ ಹೆಚ್ಚು ಬಾಳುತ್ತದೆ. ದಾರವನ್ನು ಅರಿವೆ ಸುಕ್ಕುಗಟ್ಟುವಷ್ಟು ಜಗ್ಗಬೇಡಿ, ಸಡಿಲವೂ ಬೇಡ, ಕಾಲ್ಬೆರಳು ಸಿಕ್ಕಿ ಕಿತ್ತುಬರುತ್ತದೆ.

ನಾಲ್ಕೂ ಬದಿ ಸುತ್ತಿ ಶುರುವಿನ ಮೂಲೆಗೆ ಬಂದಾಗ ಒಂದು ಬೆರಳು ಒಳಕ್ಕೆ ಸರಿದು ಮತ್ತೊಂದು ಸುತ್ತು. ಹೀಗೆ ಹೊರಗಿನಿಂದ ಒಳಕ್ಕೆ ಸುತ್ತುತ್ತ ಹೋಗುವುದು ನಮ್ಮ ಕಡೆಯ ಪದ್ಧತಿ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಮೂರು ನಾಲ್ಕು ಮಂದಿ ಒಂದೊಂದು ಬದಿಗೆ ಕೂತು ಒಟ್ಟಿಗೆ ಹೊಲಿಯಬಹುದು. ಆಯಿಯ ಮನೆಯ ಕಟ್ಟೆಯ ಮೇಲೆ ಮಧ್ಯಾಹ್ನ ಊಟವಾದ ಮೇಲೆ ನೆರೆಯ ಹೆಣ್ಣುಮಕ್ಕಳು ಹೀಗೆಯೇ ಕೂರುತ್ತಿದ್ದರು. ಯಾರ ಹೊಲಿಗೆ ಯಾವುದೆಂದು ಕೌದಿ ಹಳತಾದ ಮೇಲೂ ಗುರುತು ಹತ್ತುತ್ತಿತ್ತು.

ಆದರೆ ಈ ಪದ್ಧತಿಯಲ್ಲಿ ಒಂದು ತೊಡಕೂ ಇದೆ. ಪ್ರತಿ ಸುತ್ತಿನಲ್ಲೂ ಮೇಲ್ಪದರ ಕೂದಲೆಳೆಯಷ್ಟು ಒಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಅಂಚು ಮುಚ್ಚಿರುವುದರಿಂದ ಹೆಚ್ಚಾದ ಅರಿವೆಗೆ ಹೊರಗೆ ಹೋಗಲು ದಾರಿ ಇಲ್ಲ, ಎಲ್ಲ ನಡುವಿಗೆ ಬಂದು ದೋಸೆಯಂತೆ ಉಬ್ಬುತ್ತದೆ. ಕಚ್ಚಾ ಹೊಲಿಗೆ ಇದ್ದರೆ ಆ ಸರಿದಾಟ ಅಲ್ಲಲ್ಲೇ ನಿಲ್ಲುತ್ತದೆ. ಐದು ಸುತ್ತಿಗೊಮ್ಮೆ ಕೌದಿಯನ್ನು ಹರಡಿ ಅಂಗೈ ಸವರಿ ನೋಡಿ. ಉಬ್ಬು ಕಂಡರೆ ಮುಂದೆ ಹೋಗಬೇಡಿ. ಆ ಭಾಗದ ಕಚ್ಚಾ ಹೊಲಿಗೆ ಬಿಚ್ಚಿ, ಅರಿವೆಯನ್ನು ಒಂದು ಕೂಡುಗೆರೆಯ ಗುಂಟ ತಂದು ಅಕ್ಕಿಕಾಳಿನಷ್ಟು ಸಣ್ಣ ನೆರಿಗೆಯಾಗಿ ಮಡಚಿ ಹೊಲಿದುಬಿಡಿ. ಯಾರಿಗೂ ಕಾಣುವುದಿಲ್ಲ. ಹೊಲಿದ ಭಾಗದ ಕಚ್ಚಾ ದಾರವನ್ನು ಆಗಾಗ ಕಿತ್ತು ತೆಗೆಯುತ್ತ ಹೋಗಿ.

ಸಾಲಿನ ಅಂತರ ಒಂದು ಬೆರಳಿಗಿಂತ ಹೆಚ್ಚು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಜಾಳಾದ ಒಳಪದರಕ್ಕೆ ಹೊಲಿಗೆಯೇ ಆಧಾರ. ಅಂತರ ನಾಲ್ಕು ಬೆರಳಾದರೆ ಒಗೆದಾಗ ಒಳಗಿನ ಅರಿವೆ ಹರಿದು ಮುದ್ದೆಯಾಗಿ ಒಂದು ಕಡೆ ಸೇರುತ್ತದೆ. ಮಷೀನಿನಲ್ಲೇ ಇಡೀ ಕೌದಿ ಹೊಲಿಯುವವರೂ ಇದ್ದಾರೆ. 18 ನಂಬರಿನ ಸೂಜಿ ಹಾಕಿದರೆ 4 ಪದರ ದಾಟುತ್ತದೆ, ಆದರೆ ಮಷೀನು ಮೇಲ್ಪದರವನ್ನು ಇನ್ನೂ ಹೆಚ್ಚು ತಳ್ಳುತ್ತದೆ, ಕೌದಿಯೂ ಬಿರುಸಾಗುತ್ತದೆ. ಕೈಹೊಲಿಗೆಯ ಕೌದಿ ಮೈಮೇಲೆ ಬೀಳುವ ಬಗೆಯೇ ಬೇರೆ. ದಿನಕ್ಕೆ ಎರಡು ತಾಸು ಕೂತರೆ ನನಗೆ ಸುಮಾರು ಒಂದು ತಿಂಗಳು ಬೇಕಾಗುತ್ತದೆ.

ನಡುವಿಗೆ ಬಂದು ಕೊನೆಯ ಸುತ್ತು ಮುಗಿದಾಗ ದಾರವನ್ನು ಎರಡು ಸಲ ಹಿಂದಕ್ಕೆ ಹೊಲಿದು ಪದರಗಳ ನಡುವೆ ಎಳೆದು ಕತ್ತರಿಸಿ. ಆಯಿ ಆ ಜಾಗಕ್ಕೆ ಒಂದು ಪುಟ್ಟ ತೇಪೆ ಹಾಕಿ, ಮುಚ್ಚುವ ಮುಂಚೆ ನಾಲ್ಕು ಕಾಳು ಜೋಳ ಇಡುತ್ತಿದ್ದಳು. "ಕೌದಿ ಹೊಟ್ಟಿ ಹಸದ ಇರಬಾರದವಾ" ಎನ್ನುತ್ತಿದ್ದಳು. ನೀರು ತಗುಲಿದರೆ ಕಾಳು ಬೂಷ್ಟು ಹಿಡಿಯುತ್ತದೆಂದು ನಾನು ಕಾಳು ಇಡುವುದಿಲ್ಲ. ಅವಳ ಒಂಬತ್ತು ವಾರಿ ಸೀರೆಯ ಒಂದು ಚೂರು ಇಡುತ್ತೇನೆ. ಈಗ ಅದು ಒಂದು ಕೈಯಗಲ ಉಳಿದಿದೆ.

ಕೂಸಿನ ಕೌದಿ

ಮೊದಲು ಕೈ ಪಳಗಿಸಿಕೊಳ್ಳಬೇಕು ಎನ್ನುವವರು ಇದರಿಂದ ಶುರು ಮಾಡಬಹುದು. ಎರಡು ಮೊಳ ಚೌಕ, ಎಂದರೆ 36 ಇಂಚು, 3 ಪದರ. ಬಾಣಂತಿಯ ತಾಯಿಯದೋ ಅಜ್ಜಿಯದೋ ಒಂದು ಹತ್ತಿ ಸೀರೆ ಇದಕ್ಕೆ ಬೇಕಾದಷ್ಟಾಗುತ್ತದೆ. ತುಂಡು ಕೂಡಿಸುವುದು ಬೇಡ, ಮೇಲ್ಪದರವೂ ಇಡಿಯಾಗಿರಲಿ, ಕೂಡುಗೆರೆ ಕೂಸಿನ ಮೈಗೆ ಒತ್ತುತ್ತದೆ. ಜರಿ, ಕನ್ನಡಿ, ಗುಂಡಿ, ಗೊಂಡೆ ಯಾವುದೂ ಇರಬಾರದು. ಗಂಟೆಲ್ಲ ಒಳಗೇ ಇರಲಿ, ಸಡಿಲ ದಾರ ಬೆರಳಿಗೆ ಸುತ್ತಿಕೊಳ್ಳದಂತೆ ನೋಡಿ. ಇದು ಕೂಸಿನ ಕೆಳಗೆ ಹಾಸಲು, ಮುಖದ ಹತ್ತಿರ ಹೊದಿಸಲು ಅಲ್ಲ. ದಿನಕ್ಕೆ ಎರಡು ಮೂರು ಬೇಕಾಗುತ್ತವೆ, ಹಾಗಾಗಿ ಕಡಿಮೆ ಎಂದರೂ ನಾಲ್ಕು ಹೊಲಿದಿಡಿ.

ಒಗೆತ ಮತ್ತು ದುರಸ್ತಿ

ಮೊದಲ ಒಗೆತ ತಣ್ಣೀರಿನಲ್ಲಿ, ಒಂಟಿಯಾಗಿ. ಅಂಟುವಾಳದ ನೀರು ಅಥವಾ ಮೃದು ಸಾಬೂನು ಹಾಕಿ ಅರ್ಧ ತಾಸು ನೆನೆಸಿ, ಕಾಲಿನಿಂದ ತುಳಿದು ತೊಳೆಯಿರಿ. ಎತ್ತೆತ್ತಿ ಬಡಿಯಬೇಡಿ. ಹಿಂದೆ ವರದಾ ನದಿಯ ದಂಡೆಗೆ ಚಕ್ಕಡಿಯಲ್ಲಿ ಇಡೀ ಮನೆಯ ಹಾಸಿಗೆ ಹೇರಿಕೊಂಡು ಹೋಗಿ ಒಗೆದು, ಬಂಡೆಗಳ ಮೇಲೆ ಹರಡಿ, ಬುತ್ತಿ ಉಂಡು ಸಂಜೆ ಹಿಂದಿರುಗುತ್ತಿದ್ದರು. ನಗರದಲ್ಲಿ ತಾರಸಿಯೇ ಬಂಡೆ. ತಿರುಚಿ ಹಿಂಡಬೇಡಿ, ಹೊಲಿಗೆ ಕಿತ್ತುಬರುತ್ತದೆ. ಮಡಚಿ ಒತ್ತಿ ನೀರು ಇಳಿಸಿ, ಒಂದೇ ಹಗ್ಗದ ಮೇಲೆ ಜೋತುಬಿಡದೆ ಎರಡು ಹಗ್ಗಕ್ಕೆ ಹರಡಿ, ಮಧ್ಯಾಹ್ನ ಮಗ್ಗುಲು ಬದಲಿಸಿ. ಒಣಗಿತು ಎನಿಸಿದಾಗ ಕೂಡುಗೆರೆಯನ್ನು ಕೆನ್ನೆಗೆ ತಾಗಿಸಿ ನೋಡಿ, ತಂಪು ಹತ್ತಿದರೆ ಒಳಗೆ ಇನ್ನೂ ತೇವ ಇದೆ. ಮೊದಲ ಒಗೆತದ ಮೇಲೆ ಕೌದಿಯ ಮೈ ಸಣ್ಣ ಸಣ್ಣ ಅಲೆಯಂತೆ ಸುಕ್ಕಾಗುತ್ತದೆ. ಅದು ಕೆಟ್ಟದ್ದಲ್ಲ, ಆ ಸುಕ್ಕಿನಲ್ಲೇ ಗಾಳಿ ನಿಂತು ಬೆಚ್ಚಗಾಗುವುದು.

ಯುಗಾದಿಗೊಮ್ಮೆ, ದಸರೆಗೊಮ್ಮೆ ಒಗೆಯುವಾಗ ಬಿಟ್ಟುಹೋದ ಹೊಲಿಗೆಗಳಿಗೆ ಸೇಫ್ಟಿ ಪಿನ್ ಚುಚ್ಚಿ ಗುರುತು ಮಾಡಿ, ಒಣಗಿದ ದಿನವೇ ಹೊಲಿದುಬಿಡಿ. ಒಂದು ಸಾಲು ಬಿಚ್ಚಿದ್ದನ್ನು ಹಾಗೇ ಬಿಟ್ಟರೆ ಮುಂದಿನ ಒಗೆತಕ್ಕೆ ಮೂರು ಸಾಲು ಹೋಗಿರುತ್ತವೆ. ತಲೆಯ ಕಡೆಯ ಅಂಚು ಮೊದಲು ಸವೆಯುತ್ತದೆ. ಅದರ ಮೇಲೆ ನಾಲ್ಕು ಬೆರಳಗಲದ ಹೊಸ ಪಟ್ಟಿ ಮಡಚಿ ಹೊಲಿಯಿರಿ. ಮೇಲ್ಪದರದ ಒಂದು ತುಂಡು ಹರಿದರೆ ಅದರ ಮೇಲೆಯೇ ತುಸು ದೊಡ್ಡ ತೇಪೆ ಇಟ್ಟು, ಹಳೆ ಹೊಲಿಗೆಯ ಗೆರೆ ಹಿಡಿದೇ ಹೊಲಿಯಿರಿ. ಇಡೀ ಮೇಲ್ಮೈ ಸವೆದಾಗ ಒಂದು ತೆಳು ಸೀರೆಯಿಂದ ಪೂರಾ ಹೊದಿಸಿ ಮತ್ತೆ ಸುತ್ತು ಹೊಲಿಗೆ ಹಾಕಬಹುದು. ಹಾಗೆ ಒಮ್ಮೆ ಮಾತ್ರ. ಎರಡನೆಯ ಸಲ ಹೊದಿಸಿದರೆ ಅದು ಒಬ್ಬರು ಎತ್ತಿ ಒಗೆಯುವ ಕೌದಿಯಾಗಿ ಉಳಿಯುವುದಿಲ್ಲ. ಆಗ ಬಿಚ್ಚಿ, ಗಟ್ಟಿ ಉಳಿದ ತುಂಡುಗಳನ್ನು ಬೇರೆ ಮಾಡಿ, ಮುಂದಿನ ಕೌದಿಯ ಗಂಟಿಗೆ ಸೇರಿಸಿ.